ಗೋಡೆ ಬುಡದ ಗಡ್ಡೆ

ಗಡಿಯಾರ ರಿಪೇರಿಯವನ ಮನೆಯ ಹಿತ್ತಿಲಿಗೆ ಬಿಸಿಲು ಬೀಳುವುದು ನಿಂತು ಬಹಳ ಕಾಲವಾಗಿತ್ತು. ಪಕ್ಕದಲ್ಲಿ ಗೋದಾಮು ಎದ್ದ ಮೇಲೆ ಅಲ್ಲಿದ್ದ ಗಿಡಗಳೆಲ್ಲ ಒಂದೊಂದಾಗಿ ಸೊರಗಿದವು. ಉಳಿದದ್ದು ಅವನ ಅಕ್ಕ ಗೋಡೆಯ ಬುಡದಲ್ಲಿ ನೆಟ್ಟಿದ್ದ ಒಂದೇ ಗಡ್ಡೆ. ಚಳಿಗಾಲದಲ್ಲಿ ಅದರ ಎಲೆ, ಕಾಂಡ ಎಲ್ಲವೂ ಮಣ್ಣುಪಾಲಾಗುತ್ತಿದ್ದವು. ಚಳಿ ಇಳಿದ ಮೇಲೆ ಅದು ತಾನಾಗಿ ಚಿಗುರಿ, ಆ ನೆರಳಿನಲ್ಲೇ ಬಿಳಿಯ ಹೂಗೊಂಚಲು ಬಿಡುತ್ತಿತ್ತು.

ಈ ವರ್ಷ ಅಕ್ಕ ಹಾಸಿಗೆ ಹಿಡಿದಿದ್ದಳು. ಮುಂದಿನ ಚಳಿಗಾಲದ ಮಾತನ್ನು ಡಾಕ್ಟರು ಎತ್ತಲೇ ಇಲ್ಲ. ಆ ಹೂವನ್ನು ಇನ್ನೊಮ್ಮೆ ನೋಡಬೇಕೆಂಬುದಷ್ಟೇ ಅವಳ ಆಸೆ. ತಮ್ಮ ಅವಳ ಮಂಚವನ್ನು ಹಿತ್ತಿಲ ಕಡೆಯ ಕಿಟಕಿಗೆ ತಾಗಿಸಿ ಹಾಕಿದ.

ಚಳಿ ಹೋಯಿತು. ಮಣ್ಣು ಬೋಳಾಗಿಯೇ ಇತ್ತು.

"ಬಂತೇನೋ?"

"ಇನ್ನೂ ಇಲ್ಲಕ್ಕ."

"ಸೋಮಾರಿ ಅದು, ಥೇಟ್ ನಿನ್ನ ಹಾಗೇ. ಎಬ್ಬಿಸೋಕೆ ಹೋಗ್ಬೇಡ."

ಆದರೆ ನಿಂತುಹೋದದ್ದನ್ನು ಬಿಚ್ಚಿ ನೋಡದೆ ಸುಮ್ಮನಿರುವುದು ಅವನ ಕೈಗೆ ರೂಢಿಯಿರಲಿಲ್ಲ. ಮುಚ್ಚಳ ತೆಗೆದು, ದೀಪದ ಕೆಳಗೆ ಹಿಡಿದು, ಎಲ್ಲಿ ತಡೆದಿದೆಯೆಂದು ಹುಡುಕುವುದೇ ಅವನು ಬಲ್ಲ ಆರೈಕೆ. ಒಂದು ಮಧ್ಯಾಹ್ನ ಅಕ್ಕನಿಗೆ ಜೊಂಪು ಹತ್ತಿದ್ದಾಗ, ಚಿಮಟ, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಬುಡದಲ್ಲಿ ಕುಳಿತ. ಉಸಿರು ಬಿಗಿಹಿಡಿದು ಮಣ್ಣನ್ನು ಚೂರುಚೂರಾಗಿ ಸರಿಸಿದ. ಗಡ್ಡೆ ಗಟ್ಟಿಯಾಗಿಯೇ ಇತ್ತು. ಹೋದ ಜೀವ ಬಂದಂತಾಗಿ ಅದನ್ನು ತುಸು ಹೊರಳಿಸಿದ. ಟಕ್ಕೆಂದಿತು. ಅಡಿಯಲ್ಲಿ ಒಂದು ಕಲ್ಲನ್ನು ಸುತ್ತಿಕೊಂಡು ಮೇಲೆ ಬರುತ್ತಿದ್ದ ಬೆರಳುದ್ದದ ಮೊಳಕೆ ಮುರಿದಿತ್ತು. ಇದ್ದದ್ದು ಅದೊಂದೇ.

"ಏನೋ ಅದು ಕೈಯಲ್ಲಿ?" ಅಕ್ಕನಿಗೆ ಎಚ್ಚರವಾಗಿತ್ತು.

"ಮುರಿದುಹೋಯ್ತಕ್ಕ."

"ಕಿವಿ ಹಿಂಡ್ಬೇಕು ನಿಂಗೆ. ಗಡಿಯಾರ ಏನೋ ಅದು?" ಕೈಚಾಚಿದಳು. "ತಾ ಇಲ್ಲಿ."

ಕಿಟಕಿಯ ಕಂಬಿಗಳ ನಡುವಿನಿಂದ ಅವನು ಮೊಳಕೆಯನ್ನು ಅವಳ ಅಂಗೈಗೆ ಹಾಕಿದ. ಬಿಗಿಯಾಗಿ ಸುರುಳಿ ಸುತ್ತಿದ್ದ ಎಲೆಯನ್ನು ಅವಳು ಉಗುರಿನಿಂದ ಬಿಡಿಸಿದಳು. ಒಳಗೆ ಸಾಸಿವೆಗಿಂತ ಸಣ್ಣ ಮೊಗ್ಗುಗಳು ಒತ್ತೊತ್ತಾಗಿ ಕುಳಿತಿದ್ದವು.

"ನೋಡು, ಹೂವು ಹೊರಟಿತ್ತು," ಎಂದಳು. ಬಯ್ಯುವ ದನಿಯಲ್ಲ. "ಹೋಗು, ಗಡ್ಡೆ ಮುಚ್ಚು. ಮುಂದಿನ ವರ್ಷ ಬಂದಾಗ ಮಾತ್ರ ಮುಟ್ಬೇಡ, ತಿಳೀತಾ?"

ಅಂಗಡಿಯಲ್ಲಿ ಯಾರು ಎಷ್ಟು ಅವಸರಪಡಿಸಿದರೂ ಇಂಥ ದಿನ ಬನ್ನಿ ಎಂದು ದಿನ ಗೊತ್ತುಮಾಡಿ ಕಳಿಸುತ್ತಿದ್ದವನು ಕಿಟಕಿಗೆ ಬೆನ್ನು ಮಾಡಿ ಕುಳಿತು, ಗಡ್ಡೆ ಮುಚ್ಚಿ, ಆಗಲೇ ಸಮವಾಗಿದ್ದ ಮಣ್ಣನ್ನು ಅಂಗೈಯಿಂದ ಒತ್ತುತ್ತಲೇ ಇದ್ದ.