ಮರ ನೋಡಲು ಹೋದ ಬಡಗಿ

ನಮ್ಮ ಯಜಮಾನರು ಬಡಗಿ. ಮೂಗಿನ ತುದಿಯಲ್ಲೇ ಕೋಪ. ನಾನೂ ಕಡಿಮೆಯವಳಲ್ಲ, ಹಾಗಾಗಿ ಸಂಸಾರ ಸರಿಸಮವಾಗಿ ಸಾಗಿದೆ. ಊರಿನ ಅರ್ಧ ಮನೆಗಳ ಬಾಗಿಲು ಇವರ ಕೈಕೆಲಸ. ನಮ್ಮ ಅಡುಗೆಮನೆಯ ಕಪಾಟಿಗೆ ಮಾತ್ರ ಇವತ್ತಿಗೂ ಹಳೆ ಬಟ್ಟೆಯ ಪರದೆಯೇ ಗತಿ. ಕೇಳಿದರೆ, "ಮಾಡೋಣ ಬಿಡೇ, ಕಪಾಟು ಎಲ್ಲಿಗೆ ಓಡಿಹೋಗುತ್ತೆ" ಎನ್ನುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸದೆ ಮದುವೆ ಮನೆಗೂ ಬಂದವರಲ್ಲ.

ಮರದ ಪುಡಿ ಎದೆಯಲ್ಲಿ ಕೂತುಬಿಟ್ಟಿದೆ, ಇನ್ನು ಆ ಕೆಲಸ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅಂಗಡಿಗೆ ಬೀಗ ಬಿತ್ತು. ಅದರ ಜೊತೆಗೆ ಇವರ ಬಾಯಿಗೂ. ಬೆಳಗಾದರೆ ಗೋಡೆ ಕಡೆ ತಿರುಗಿ ಮಲಗುವುದು, ತಟ್ಟೆ ಇಟ್ಟರೆ ಎರಡು ತುತ್ತು ತಿಂದು ಏಳುವುದು. ಬೇಕೆಂದೇ ಜಗಳ ತೆಗೆದು ನೋಡಿದೆ. ಅದಕ್ಕೂ ಬರಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು. ಹೀಗೇ ಮಲಗಿ ಮಲಗಿ ಒಂದು ದಿನ ನನ್ನ ಕೈಬಿಟ್ಟು ಹೋಗಿಯೇಬಿಡುತ್ತಾರೆ ಎನ್ನಿಸಿತು.

ಒಂದು ಸಂಜೆ ಅಂಗಿ ಕೈಗೆ ಕೊಟ್ಟು, ರಟ್ಟೆ ಹಿಡಿದು ಎಬ್ಬಿಸಿ, ಸರ್ಕಾರಿ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಹಳೆಯ ಮರಗಳನ್ನು ನೋಡಲೆಂದೇ ಜನ ದೂರದಿಂದ ಬರುತ್ತಾರೆ. ಇಷ್ಟು ವರ್ಷ ಅದೇ ಊರಿನಲ್ಲಿದ್ದು ನಾವು ಒಳಗೆ ಕಾಲಿಟ್ಟಿರಲಿಲ್ಲ.

ಇವರು ಒಂದು ತೇಗದ ಮುಂದೆ ನಿಂತರು. ಬೆರಳ ಗೆಣ್ಣಿನಿಂದ ಕಾಂಡವನ್ನು ಟಕಟಕ ಬಡಿದು ಕಿವಿಗೊಟ್ಟರು.

"ಇದ್ರಲ್ಲಿ ಆರು ಬಾಗಿಲು ಬರುತ್ತೆ" ಎಂದರು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಬೇರೆ ದಿನವಾಗಿದ್ದರೆ ಗದರಿಸಿಬಿಡುತ್ತಿದ್ದೆ. ಅವತ್ತು ಆ ದನಿ ಕೇಳಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಈ ಹುಣಸೇಲಿ?" ಎಂದೆ.

"ಕಟುಕನ ಅಂಗಡಿಗೊಂದು ಕೊರಡು. ಮಿಕ್ಕಿದ್ರಲ್ಲಿ ನಿನ್ನ ಬಾಯಿಗೊಂದು ಬೆಣೆ."

ಅಷ್ಟರಲ್ಲಿ ಕಾವಲುಗಾರ ಬಂದ. "ಯಜಮಾನ್ರೇ, ಮರಗಳನ್ನ ಬಡೀಬೇಡಿ."

"ಬಡೀತಿಲ್ಲಪ್ಪ, ಮಾತಾಡಿಸ್ತಿದಾರೆ" ಎಂದೆ ನಾನು. "ನನ್ನ ಹತ್ರ ಆಡದ ಮಾತು ಮರದ ಹತ್ರನಾದ್ರೂ ಆಡ್ಲಿ ಬಿಡು." ಅವನು ನಕ್ಕು ಆ ಕಡೆ ಹೋದ.

ಕೊನೆಗೆ ಎಲ್ಲಕ್ಕಿಂತ ಹಳೆಯ ಮರದ ಬುಡಕ್ಕೆ ಬಂದೆವು. ನಾಲ್ಕು ಜನ ಕೈಕೈ ಹಿಡಿದರೂ ಅದನ್ನು ತಬ್ಬಲಾಗದು. ಇವರು ಬಡಿಯಲಿಲ್ಲ. ಅಂಗೈ ಊರಿ, ತಲೆಯೆತ್ತಿ ನೋಡುತ್ತ ನಿಂತೇಬಿಟ್ಟರು.

"ಇದ್ರಲ್ಲಿ ಏನು ಬರುತ್ತೆ ರೀ?"

"ಸುಮ್ನಿರೇ" ಎಂದರು. ಕೋಪವಿರಲಿಲ್ಲ. ಮರದಿಂದ ಕಣ್ಣು ಕೀಳದೆಯೇ ಹೇಳಿದರು: "ನನ್ನ ಕೈಗೆ ಬಂದಿದ್ದೆಲ್ಲ ಬಿದ್ದ ಮರಗಳೇ. ನಿಂತಿರೋ ಮರಾನ ಒಂದು ದಿನಾನೂ ತುದಿ ತನಕ ನೋಡಿಲ್ವಲ್ಲೇ."

ಪಕ್ಕದಲ್ಲಿ ನಿಂತು ನಾನೂ ಮೇಲೆ ನೋಡಿದೆ. ಎಷ್ಟೋ ಎತ್ತರದಲ್ಲಿ ಎಲೆಗಳು ಅಲ್ಲಾಡುತ್ತಿದ್ದವು. ಕೆಳಗೆ ಗಾಳಿಯೇ ಇರಲಿಲ್ಲ.

ಬಾಗಿಲು ಮುಚ್ಚುವ ಸೀಟಿ ಊದಿದರೂ ಇವರು ಅಲುಗಲಿಲ್ಲ. ಕಾವಲುಗಾರನೇ ಬಂದು ಎರಡು ಸಲ ಕರೆಯಬೇಕಾಯಿತು. ಹೊರಗೆ ಬರುವಾಗ ಆಚೆಯ ಸಾಲಿನ ಕಡೆ ತಿರುಗಿ ನೋಡಿ, "ನಾಳೆ ಬೇಗ ಹೊರಡಿಸು. ಆ ಕಡೇವು ಇನ್ನೂ ಉಳಿದಿವೆ" ಎಂದರು.

"ಆಗ್ಲಿ" ಎಂದು ಮುಖ ಆಚೆ ತಿರುಗಿಸಿದೆ, ಕಣ್ಣು ತುಂಬಿಬಂದಿತ್ತು. ನಾಳೆ ಎಂದರಲ್ಲ, ತಿಂಗಳಿಂದ ಅದೊಂದು ಮಾತಿಗೆ ಕಾದಿದ್ದೆ.