ಮೀನಿನ ಬಿಸಲೆಯಲ್ಲಿ ಬೆಂದ ಕಣಿಲೆ

ಈ ಸಲದ ಆಟಿಗೆ ನನ್ನ ಮೊಮ್ಮಗಳು ನಮ್ಮ ಮನೆಯಲ್ಲಿ ಕೂತಳು. ಬರೆಯುವಾಗ ಈಗಲೂ ಸಂತೋಷ ತಡೆಯುವುದಿಲ್ಲ. ನಮ್ಮೂರು ವಾಮದಪದವಿನ ಅಂಗಡಿಗಳಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ ಹೇಳಿದ್ದೇನೆ. ನಾನು ಕಲಿತದ್ದು ನಾಲ್ಕನೇ ಕ್ಲಾಸು, ಬರೆದು ರೂಢಿಯಿಲ್ಲ. ಆದರೆ ಅಷ್ಟು ಹೇಳಿದರೂ ಬಾಯಿಯಿಂದ ಹೊರಡದೆ ಉಳಿದ ಸಂಗತಿಯೊಂದಿದೆ. ಅದು ಹೊಟ್ಟೆಕಿಚ್ಚಿನದು. ಅಂಗಡಿಯ ಮುಂದೆ ನಿಂತು ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳಲ್ಲಿ ಗಂಡನ ಮನೆಯಿಂದ ತವರಿಗೆ ಬಂದು ಕೆಲವು ದಿನ ಇರಬೇಕು. ಅದನ್ನೇ ನಾವು ಆಟಿ ಕೂರುವುದು ಎನ್ನುತ್ತೇವೆ. ನನ್ನ ಮೊಮ್ಮಗಳನ್ನು ಕೊಟ್ಟದ್ದು ಬೆಳ್ತಂಗಡಿಗೆ. ಅವಳ ಅಪ್ಪ, ಎಂದರೆ ನನ್ನ ಮಗ, ಮತ್ತು ಸೊಸೆ ಇಬ್ಬರೂ ಗಲ್ಫಿನಲ್ಲಿ. ಹಾಗಾಗಿ ಅವಳಿಗೆ ತವರು ಎಂದರೆ ಇಬ್ಬರು ಅಜ್ಜಿಯರ ಮನೆ. ಒಂದು ನನ್ನದು. ಇನ್ನೊಂದು ಸೊಸೆಯ ತಾಯಿಯದು, ಮೂಡುಬಿದಿರೆಯಲ್ಲಿ. ಮೂಡುಬಿದಿರೆಗೆ ನಾವು ಬೆದ್ರ ಎನ್ನುವುದು. ಮಗುವಿಗೆ ಮಾತು ಬಂದ ದಿನದಿಂದ ನಾನು ಪದವಿನ ಅಜ್ಜಿ, ಅವರು ಬೆದ್ರದ ಅಜ್ಜಿ.

ನಮ್ಮಲ್ಲಿ ಬಳಿ, ಎಂದರೆ ಕುಲದ ಗುರುತು, ತಾಯಿಯಿಂದ ಬರುತ್ತದೆ. ಮೊಮ್ಮಗಳ ಬಳಿ ಅವಳ ತಾಯಿಯದು, ತಾಯಿಯ ತಾಯಿಯದು. ಕ್ರಮ ಪ್ರಕಾರ ಅವಳು ಬೆದ್ರದ ಮನೆಯ ಹೆಣ್ಣು. ನನಗೆ ಅವಳ ಮೇಲೆ ಪ್ರೀತಿ ಮಾತ್ರ, ಹಕ್ಕು ಏನೂ ಇಲ್ಲ. ಹಕ್ಕಿಲ್ಲದ ಪ್ರೀತಿಗೆ ಕಿಚ್ಚು ಬೇಗ ಹತ್ತಿಕೊಳ್ಳುತ್ತದೆ.

ಎರಡು ವರ್ಷದ ಹಿಂದೆ ಅವಳು ಮೀನು ಬಿಟ್ಟಳು. ಆಮೇಲೆ ಮೊಟ್ಟೆ, ಆಮೇಲೆ ಹಾಲು, ಮೊಸರು, ತುಪ್ಪ, ಕೊನೆಗೆ ಜೇನೂ ಬಿಟ್ಟಳು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎಂದಳು. ಹೊಸ ಬಟ್ಟೆ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದಳು. ಯಾರದ್ದೋ ಹಳೆಯ ಸೀರೆ ತಂದು ಕತ್ತರಿಸಿ ಕುರ್ತಾ ಹೊಲಿದುಕೊಳ್ಳುವುದು, ಕಲ್ಲಡ್ಕದ ಹೋಟೆಲಿಗೆ ಹೋದರೂ ಪಾರ್ಸೆಲಿಗೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋಗುವುದು, ಅಂಟುವಾಳದ ನೀರಿನಲ್ಲಿ ಪಾತ್ರೆ ತೊಳೆಯುವುದು. ನಾನು ನಕ್ಕೆ. "ನಾವು ಬಡತನಕ್ಕೆ ಮಾಡಿದ್ದನ್ನು ಇದು ಶೋಕಿಗೆ ಮಾಡ್ತದೆ" ಎಂದೆ.

ಬೆದ್ರದ ಅಜ್ಜಿ ನಗಲಿಲ್ಲ. ಅವರು ಮೊಮ್ಮಗಳ ಜೊತೆ ತಾವೂ ಮೀನು ಬಿಟ್ಟರು! ಬಂಗುಡೆಯ ತಲೆ ಚೀಪುವುದರಲ್ಲಿ ನನಗಿಂತ ಒಂದು ಕೈ ಮೇಲಿದ್ದ ಹೆಂಗಸು. ಬಿಟ್ಟದ್ದಲ್ಲದೆ ನೆಲಗಡಲೆಯ ಹಾಲು ತೆಗೆದು, ಅದಕ್ಕೆ ಹಸಿಮೆಣಸಿನ ತೊಟ್ಟು ಹಾಕಿ ಹೆಪ್ಪುಗಟ್ಟಿಸಿ ಮೊಸರು ಮಾಡುವುದನ್ನೂ ಕಲಿತರು. ಮೊಮ್ಮಗಳು ಅದರ ಫೋಟೋ ತೆಗೆದು ಫೋನಿನಲ್ಲಿ ಸ್ಟೇಟಸ್ ಹಾಕಿದಳು: 'ಬೆದ್ರದ ಅಜ್ಜಿಯ ಕಡಲೆ ಮೊಸರು.' ಮರುವಾರ, 'ಬೆದ್ರದ ಅಜ್ಜಿಯ ನೂಲಿನ ಸೀರೆ, ಈಗ ನನ್ನ ಕುರ್ತಾ.' ಅದರ ಮರುವಾರ, 'ಬೆದ್ರದ ಅಜ್ಜಿಯ ಮಣ್ಣಿನ ಪಾತ್ರೆ.' ನಾನು ಕನ್ನಡಕ ಹಾಕಿಕೊಂಡು ದಿನಾ ನೋಡಿದೆ. ಪದವಿನ ಅಜ್ಜಿ ಒಂದು ದಿನವೂ ಬರಲಿಲ್ಲ.

ಆಟಿ ಹಿಡಿದ ವಾರ ಅವಳ ಫೋನು ಬಂತು.

"ಅಜ್ಜಿ, ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಬರ್ತೇನೆ, ಆಯ್ತಾ? ಬೆದ್ರದ ಅಜ್ಜಿಯೂ ಅಲ್ಲಿಗೇ ಬರ್ತಾರೆ. ಊಟ ಮಾಡಿ ನಾವಿಬ್ಬರು ಬೆದ್ರಕ್ಕೆ ಹೋಗುವುದು, ಅಲ್ಲೇ ಆಟಿ ಕೂರ್ಲಿಕ್ಕೆ."

"ಇಲ್ಲಿ ಕೂರುದಿಲ್ವಾ?"

"ಅಲ್ಲಿ ಅಡುಗೆಗೆ ಸುಲಭ ಅಲ್ವಾ ಅಜ್ಜಿ. ನಿಮ್ಮ ಮನೆ ಹೇಗೂ ದಾರಿಯಲ್ಲಿ ಸಿಗ್ತದೆ."

ದಾರಿಯಲ್ಲಿ ಸಿಗುತ್ತದೆ, ನಿಜ. ಬೆಳ್ತಂಗಡಿಯಿಂದ ಬೆದ್ರಕ್ಕೆ ಹೋಗುವವರು ನಮ್ಮಲ್ಲಿಗೆ ಬಂದು ಹೋಗಬಹುದು. ಆದರೆ ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು. ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಊಟ. ಅದರಲ್ಲಿ ಅವಳನ್ನು ನಿಲ್ಲಿಸಿಕೊಳ್ಳಬೇಕು.

ಕಣಿಲೆ ಮಾಡುವುದೆಂದು ನಿಶ್ಚಯಿಸಿದೆ. ಎಳೆ ಬಿದಿರಿನ ಮೊಳಕೆ, ಆಟಿಯಲ್ಲೇ ಸಿಗುವುದು. ತೆಳ್ಳಗೆ ಹೆಚ್ಚಿ ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಸಿಟ್ಟೆ. ಮೊಳಕೆ ಬಂದ ಹೆಸರುಕಾಳು ಹಾಕಿ, ಕಾಯಿ ಹುರಿದು ಅರೆದು ಗಸಿ ಮಾಡಿದರೆ ಅದರ ಎದುರು ಕಡಲೆ ಮೊಸರು ಎಲ್ಲಿಯ ಲೆಕ್ಕ. ಆದರೆ ಬೇಯಿಸುವುದು ಯಾವುದರಲ್ಲಿ? ಬೆದ್ರದಲ್ಲಿ ಮಣ್ಣಿನ ಪಾತ್ರೆಯಾದರೆ ಇಲ್ಲಿಯೂ ಮಣ್ಣಿನದ್ದೇ ಆಗಬೇಕು. ನನ್ನಲ್ಲಿ ಇದ್ದದ್ದು ಒಂದೇ ಮಣ್ಣಿನ ಪಾತ್ರೆ, ಮೀನು ಸಾರಿನ ಬಿಸಲೆ. ನನ್ನ ಅತ್ತೆ ಪಾಣೆಮಂಗಳೂರಿನ ಪೇಟೆಯಿಂದ ತಂದದ್ದು. ಕಪ್ಪಗೆ, ನುಣ್ಣಗೆ, ಒಳಗೆ ಎಣ್ಣೆಯ ಹೊಳಪು. ಅದರಲ್ಲಿ ಬೇಯಿಸಿದ್ದು ಕೆಟ್ಟದ್ದು ಅಂತ ಇಲ್ಲ.

ಮೂರು ದಿನದಲ್ಲಿ ಹೊಸ ಬಿಸಲೆ ತಂದು ಗಂಜಿ ತಿಳಿ ಕುದಿಸಿ ಪಳಗಿಸಬಹುದಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಗೊತ್ತಿತ್ತು. ಆದರೆ ಹೊಸ ಬಿಸಲೆಗೆ ನನ್ನ ಕೈಯ ರುಚಿ ಎಲ್ಲಿಂದ ಬರಬೇಕು? ಹಳೆಯದನ್ನೇ ಬೂದಿ ಹಾಕಿ ತಿಕ್ಕಿದೆ, ಹುಣಸೆಹುಳಿ ಹಾಕಿ ತಿಕ್ಕಿದೆ, ತೆಂಗಿನ ನಾರಿನಲ್ಲಿ ಕೈ ನೋಯುವಷ್ಟು ಉಜ್ಜಿದೆ. ಮೂಸಿದರೆ ಏನೂ ಬರಲಿಲ್ಲ. ನನ್ನ ಮೂಗಿಗೆ ಬರಲಿಲ್ಲ ಅಷ್ಟೇ. ಮೀನಿನ ಮನೆಯ ಮೂಗಿಗೆ ಮೀನು ಎಲ್ಲಿ ಗೊತ್ತಾಗುತ್ತದೆ.

ಆದಿತ್ಯವಾರ ಮೊದಲು ಬಂದವಳು ಮೊಮ್ಮಗಳು. ಮೈಮೇಲೆ ಅದೇ ಬೆದ್ರದ ಅಜ್ಜಿಯ ಸೀರೆಯ ಕುರ್ತಾ, ಹಸಿರು ಬಣ್ಣದ್ದು, ಅಂಚನ್ನು ಕೈಗಳಿಗೆ ಬರುವ ಹಾಗೆ ಹೊಲಿದಿದ್ದಳು. ಚಂದ ಕಾಣುತ್ತಿತ್ತು, ಅದೇ ಕೋಪ. ನಾನು ಸೀದಾ ಪೆಟ್ಟಿಗೆ ತೆರೆದು ನನ್ನ ಮದುವೆಯ ಪಟ್ಟೆ ಸೀರೆ ಅವಳ ಮಡಿಲಿಗೆ ಹಾಕಿದೆ.

"ತೆಗೊ. ಇದನ್ನು ಕತ್ತರಿಸು. ಎಂತ ಬೇಕಾದರೂ ಹೊಲಿ."

ಅವಳು ಸೀರೆಯನ್ನು ಕೈಯಲ್ಲಿ ಸವರಿದಳು. ಆಮೇಲೆ ಮೆಲ್ಲ ಮಡಚಿ ಹಿಂದೆ ಕೊಟ್ಟಳು.

"ಇದು ರೇಷ್ಮೆ ಅಲ್ವಾ ಅಜ್ಜಿ. ಹುಳವನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದು. ನಾನು ಹಾಕುವುದಿಲ್ಲ."

"ಆ ಹುಳ ಸತ್ತು ಐವತ್ತು ವರ್ಷ ಆಯ್ತು ಮಾರಾಯ್ತಿ!"

ಅವಳು ನಕ್ಕು ನನ್ನ ಭುಜಕ್ಕೆ ತಲೆಯಿಟ್ಟಳು. ಸೀರೆ ಮಾತ್ರ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬೆದ್ರದ ಅಜ್ಜಿ ಬಸ್ಸಿಳಿದು ಬಂದರು. ಕಂಕುಳಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮುಚ್ಚಳದ ಸ್ಟೀಲ್ ಉಗ್ಗ. ಏನಿದೆ ಎಂದು ಕೇಳುವ ಅಗತ್ಯ ಇರಲಿಲ್ಲ.

"ಅಕ್ಕಾ, ಮೊಸರು ತಂದಿದ್ದೇನೆ. ನಿಮ್ಮಲ್ಲಿ ಇರ್ಲಿಕ್ಕಿಲ್ಲ ಅಂತ."

"ನಮ್ಮಲ್ಲಿ ದನದ್ದು ಉಂಟು" ಎಂದೆ. ನಾಲಗೆ ಕೇಳುವುದಿಲ್ಲ, ಏನು ಮಾಡಲಿ.

ಎಲೆ ಹಾಕಿದೆ. ಕುಚ್ಚಲಕ್ಕಿ ಅನ್ನ, ತಗತೆ ಸೊಪ್ಪಿನ ಪಲ್ಯ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯ ಚಟ್ನಿ. ಕೊನೆಗೆ ಬಿಸಲೆಯನ್ನೇ ಎತ್ತಿಕೊಂಡು ಬಂದು ಮೊದಲು ಮೊಮ್ಮಗಳ ಎಲೆಗೆ, ಆಮೇಲೆ ಬೆದ್ರದ ಅಜ್ಜಿಯ ಎಲೆಗೆ ಕಣಿಲೆ ಗಸಿ ಬಡಿಸಿದೆ. ಅವಳು ಒಂದು ತುತ್ತು ಬಾಯಿಗಿಟ್ಟಳು. ಎರಡನೆಯ ತುತ್ತು ಕೈಯಲ್ಲೇ ನಿಂತಿತು.

"ಅಜ್ಜಿ, ಇದು ಯಾವ ಬಿಸಲೆ?"

"ಹೊಸತು" ಎಂದೆ. ಇಷ್ಟು ಕಪ್ಪಗಿನ ಬಿಸಲೆಯನ್ನು ಎದುರಿಗಿಟ್ಟುಕೊಂಡು ಹೊಸತು ಎಂದೆ.

ಬೆದ್ರದ ಅಜ್ಜಿ ಅಷ್ಟು ಹೊತ್ತಿಗೆ ತಮ್ಮ ಎಲೆಯ ಗಸಿ ನೆಕ್ಕಿದ್ದರು. ನನ್ನ ಮುಖ ನೋಡಿದರು, ಬಿಸಲೆ ನೋಡಿದರು. ಎರಡು ವರ್ಷ ಬಿಟ್ಟರೂ ನಾಲಗೆ ಮರೆಯುತ್ತದೆಯೇ. ನಾನು ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ಸೆರಗನ್ನು ಎತ್ತಿ ಮೂಸಿಕೊಂಡರು.

"ಅಯ್ಯೋ, ವಾಸನೆ ನನ್ನದು ಮಗಾ! ಬಸ್ಸಿನಲ್ಲಿ ಮೀನು ಮಾರುವವಳು ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸೆರಗೆಲ್ಲ ಅದೇ. ನೀನು ಉಣ್ಣು, ನಾನು ಆಚೆ ಕೂತುಕೊಳ್ತೇನೆ."

ಎದ್ದೇಬಿಟ್ಟರು, ಎಲೆ ಎತ್ತಿಕೊಂಡು.

ಆ ಕ್ಷಣದಲ್ಲಿ ನನಗೆ ಉಪಕಾರದ ನೆನಪು ಬರಲಿಲ್ಲ. ಮೊಸರಿನಲ್ಲಿ ಅವರು ಗೆದ್ದರು, ಸೀರೆಯಲ್ಲಿ ಗೆದ್ದರು. ಈಗ ನನ್ನ ಅಡುಗೆಮನೆಯಲ್ಲಿ, ನನ್ನ ತಪ್ಪಿನಲ್ಲೂ ಅವರೇ ಗೆಲ್ಲಬೇಕೇ? ನನ್ನನ್ನು ಅವರು ಉಳಿಸಿದರು ಎಂಬ ಋಣ ಸಾಯುವವರೆಗೆ ಹೊರುವುದಕ್ಕಿಂತ ಮೊಮ್ಮಗಳು ಎದ್ದು ಹೋಗುವುದೇ ವಾಸಿ ಎನಿಸಿತು.

"ಕೂತುಕೊಳ್ಳಿ ನೀವು!" ಎಂದೆ, ಜೋರಾಗಿ. "ಸೆರಗಿನದ್ದಲ್ಲ. ಬಿಸಲೆ ಮೀನಿಂದೇ. ತಿಕ್ಕಿದ್ದೇನೆ, ಹೋಗಲಿಲ್ಲ."

ಮೊಮ್ಮಗಳು ಕೈಯಲ್ಲಿದ್ದ ತುತ್ತನ್ನು ಎಲೆಯ ತುದಿಗೆ ಇಟ್ಟಳು.

"ಯಾಕೆ ಅಜ್ಜಿ?"

"ಸಣ್ಣದಿರುವಾಗ ಈ ಬಿಸಲೆಗೇ ಅನ್ನ ಹಾಕಿ ಒರೆಸಿ ಒರೆಸಿ ತಿಂತಿದ್ದೆ ನೀನು. ಬೇರೆ ಯಾರಿಗೂ ಕೊಡ್ತಿರಲಿಲ್ಲ. ಇದರಲ್ಲಿ ಬೇಯಿಸಿದರೆ ನೀನು ಇಲ್ಲೇ ಕೂರ್ತೀಯೇನೋ ಅಂತ." ಉಳಿದದ್ದನ್ನೂ ಹೇಳಿದೆ: "ಇವರ ಮೊಸರು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು."

ಅವಳು ಎದ್ದು ಕೈ ತೊಳೆದು ಬಂದಳು. ಹೊರಟೇ ಹೋದಳು ಎಂದುಕೊಂಡೆ. ಇಲ್ಲ, ಹೊಸ ಎಲೆ ಹಾಕಿಕೊಂಡು ಕೂತಳು. ಅನ್ನ, ಸೊಪ್ಪಿನ ಪಲ್ಯ, ಮಾವಿನಕಾಯಿ ಚಟ್ನಿ, ಮೇಲೆ ಬೆದ್ರದ ಕಡಲೆ ಮೊಸರು ಹಾಕಿಕೊಂಡು ಪೂರ್ತಿ ಉಂಡಳು. ಉಂಡು ಮುಗಿಸಿಯೇ ಮಾತೆತ್ತಿದ್ದು.

"ಬೆಳ್ತಂಗಡಿಯಲ್ಲಿ ಎಲ್ಲ ಮೀನಿನ ಪಾತ್ರೆಯೇ ಅಜ್ಜಿ. ಅತ್ತೆ ಪಾಪ, ನನಗೆ ಅಂತ ಬೇರೆ ಪಲ್ಯ ಮಾಡ್ತಾರೆ, ಅದೇ ಪಾತ್ರೆಯಲ್ಲಿ. ವಾಸನೆ ಬರ್ತದೆ. ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಹಸಿವಿಲ್ಲ ಅಂತ ಏಳ್ತೇನೆ."

ನಮಗಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಅವಳು ತೆಳ್ಳಗಾದದ್ದನ್ನು ನಾವು ಹೊಸ ಸ್ಟೈಲು ಎಂದುಕೊಂಡಿದ್ದೆವು.

"ಬೆದ್ರದಲ್ಲಿ ಎಲ್ಲ ಸುಲಭ ಉಂಟು. ಅಲ್ಲಿ ಕೂತರೆ ನಾನು ಎಂತದೂ ಕಲಿಯುವುದಿಲ್ಲ. ಮೀನಿನ ಮನೆಯಲ್ಲಿ ನನ್ನದೊಂದು ಬಿಸಲೆ ಹೇಗೆ ಇಟ್ಟುಕೊಳ್ಳುವುದು, ಯಾರಿಗೂ ಬೇಜಾರಾಗದ ಹಾಗೆ ಹೇಗೆ ಹೇಳುವುದು, ಅದು ಇಲ್ಲೇ ನೋಡುವ. ನಾನು ಇಲ್ಲೇ ಆಟಿ ಕೂರ್ತೇನೆ."

ನನಗೆ ಎದ್ದು ಕುಣಿಯಬೇಕು ಎನಿಸಿತು. ಮೊದಲು ಮಾಡಿದ ಕೆಲಸ ಮಾತ್ರ ಬೆದ್ರದ ಅಜ್ಜಿಯ ಮುಖ ನೋಡಿದ್ದು. ಸತ್ಯ ಹೇಳುತ್ತೇನೆ, ಅದನ್ನು ನೋಡುವ ಆಸೆ ನನಗಿತ್ತು. ಅವರು ಖಾಲಿಯಾದ ಉಗ್ಗದ ಮುಚ್ಚಳವನ್ನು ಹಾಕುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು.

"ಆಯ್ತು ಮಗಾ. ನಾನು ಮೂರು ಗಂಟೆಯ ಬಸ್ಸಿಗೆ ಹೋಗ್ತೇನೆ" ಎಂದರು. "ಆ ಕೋಣೆಗೆ ಹೊಸ ಚಾಪೆ ಹಾಕಿದ್ದೆ. ಇರಲಿ, ಹಾಳಾಗುದಿಲ್ಲ ಅದು."

ಎರಡು ವರ್ಷ ಆ ಮುಖ ನಾನು ಇಟ್ಟುಕೊಂಡಿದ್ದೆ. ಎಷ್ಟು ಭಾರ ಎಂದು ನನಗೆ ಗೊತ್ತು. ಆದರೂ ನಾಲಗೆ ಸುಲಭಕ್ಕೆ ತಿರುಗಲಿಲ್ಲ. "ಬಸ್ಸಿಗೆ ಹೋದರೆ ನಾಳೆ ಮೊಸರು ಯಾರು ಮಾಡುವುದು? ನನಗೆ ಬರುದಿಲ್ಲ" ಎಂದೆ. ಕರೆದದ್ದೆಂದರೆ ಅಷ್ಟೇ. ಅವರಿಗೆ ಅಷ್ಟು ಸಾಕಾಯಿತು.

ಮರುದಿನ ಮೂವರೂ ಪಾಣೆಮಂಗಳೂರಿಗೆ ಹೋಗಿ ಹೊಸ ಬಿಸಲೆ ತಂದೆವು. ಅದನ್ನು ಪಳಗಿಸುವುದರಲ್ಲಿ ದಿನಾ ಜಗಳ. ನಾನು ಗಂಜಿ ತಿಳಿ ಎಂದರೆ ಅವರು ತೆಂಗಿನೆಣ್ಣೆ ಎನ್ನುವುದು. "ನಿಮ್ಮ ಊರಿನಲ್ಲಿ ಹಾಗಿರಬಹುದು" ಎಂದು ನಾನು, "ನಿಮ್ಮ ಪಳಗಿಸುವಿಕೆ ಮೊನ್ನೆ ಎಲೆಯಲ್ಲಿ ನೋಡಿದೆವಲ್ಲ ಅಕ್ಕಾ" ಎಂದು ಅವರು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗುವುದು. ಅಕ್ಕಿ ಡಬ್ಬದ ಹಿಂದೆ ನಾನು ವರ್ಷಗಟ್ಟಲೆ ಮಡಚಿಟ್ಟ ಪ್ಲಾಸ್ಟಿಕ್ ಕವರುಗಳನ್ನು ಕಂಡು, "ನೀವು ನನಗಿಂತ ದೊಡ್ಡ ಕಂಜೂಸು ಅಜ್ಜಿ" ಎಂದು ಮುತ್ತು ಕೊಟ್ಟಳು. ಪಟ್ಟೆ ಸೀರೆ ಬೇಡವೆಂದವಳು ಹಗ್ಗದಲ್ಲಿ ಒಣಗುತ್ತಿದ್ದ ನನ್ನ ದಿನಬಳಕೆಯ ನೂಲಿನ ಸೀರೆಯನ್ನು ಕೇಳದೆ ಎಳೆದುಕೊಂಡಳು. ಸೊಂಟದ ಕಡೆ ಸವೆದ ಭಾಗ ಬಿಟ್ಟು ಉಳಿದದ್ದರಲ್ಲಿ ಕುರ್ತಾ ಆಯಿತು.

ನಾನು ಮೀನು ಬಿಡಲಿಲ್ಲ. ಅವಳು ಬಿಡಿ ಎಂದೂ ಹೇಳಲಿಲ್ಲ. ಅವಳಿದ್ದಷ್ಟು ದಿನ ಕಪ್ಪು ಬಿಸಲೆ ಅಟ್ಟದಲ್ಲಿತ್ತು, ಅವಳು ಹೋದ ಮರುದಿನ ಕೆಳಗಿಳಿಯಿತು.

ಹೊರಡುವ ದಿನ ಹೊಸ ಬಿಸಲೆಯನ್ನು ನನ್ನ ಹಳೆಯ ರವಕೆಗಳ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದಳು. ಸಂಜೆ ಫೋನು ಬಂತು: "ಅಜ್ಜಿ, ಅತ್ತೆಗೆ ಹೇಳಿದೆ. ಬಿಸಲೆ ಇಡ್ಲಿಕ್ಕೆ ಅವರೇ ಬೇರೆ ಜಾಗ ಮಾಡಿ ಕೊಟ್ರು. ಎರಡು ಸಲ ಹಾಕಿಸಿಕೊಂಡು ಉಂಡೆ." ನಾನು ಫೋನಿಟ್ಟು ಸ್ಟೇಟಸ್ ನೋಡಿದೆ. ಕೊನೆಗೂ ಬಂದಿತ್ತು: 'ಪದವಿನ ಅಜ್ಜಿಯ ಮನೆಯ ಬಿಸಲೆ.' ಇಲ್ಲಿರುವಾಗ ತೆಗೆದ ಫೋಟೋ. ನಮ್ಮ ಒಲೆ, ನಮ್ಮ ಹೊಸ ಬಿಸಲೆ, ಅದರಲ್ಲಿ ಕುದಿಯುವ ಕಣಿಲೆ. ಸಂತೋಷದಲ್ಲಿ ಕಣ್ಣು ಒರೆಸಿಕೊಂಡು, ಕನ್ನಡಕ ಸರಿಮಾಡಿ ಮತ್ತೊಮ್ಮೆ ನೋಡಿದೆ. ಫೋಟೋದಲ್ಲಿ ಸೌಟು ಹಿಡಿದ ಕೈ ಒಂದು ಕಾಣುತ್ತಿತ್ತು. ಆ ಬಳೆ ನನ್ನದಲ್ಲ, ಬೆದ್ರದ ಅಜ್ಜಿಯದು.