ಮಾಸ್ತರರು ಉಸಿರು ತೆಗೆದುಕೊಂಡ ಜಾಗಗಳು

ನಾನು ವಾದ್ಯವೃಂದಕ್ಕೆ ಸೇರಿದ್ದು ಸಂಗೀತದ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಶಹಾಬಾದಿನಲ್ಲಿ ನನ್ನನ್ನು ಬಲ್ಲವರು ಬಿದ್ದು ಬಿದ್ದು ನಕ್ಕಾರು. ಮ್ಯಾಟ್ರಿಕ್ಕಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದೆ. ಸಂಜೆ ಅಪ್ಪ ಕಾರ್ಖಾನೆಯಿಂದ ಬರುವ ಹೊತ್ತಿಗೆ ಅವನ ಕಣ್ಣಿಗೆ ಬೀಳದಂತೆ ಎರಡು ತಾಸು ಕೂರಲು ಒಂದು ಸೂರು ಬೇಕಿತ್ತು. ಸ್ಟೇಷನ್ ಹಿಂದಿನ ವಾಚನಾಲಯದ ಹಾಲಿನಲ್ಲಿ ಓಣಿಯ ಹಿರಿಯರೆಲ್ಲ ಸೇರಿ ಹುಡುಗರಿಗೆ ಪುಕ್ಕಟೆ ವಾದ್ಯ ಕಲಿಸುವ ಏರ್ಪಾಡು ಮಾಡಿದ್ದರು. ಅಪ್ಪ ಆ ಕಡೆ ತಲೆ ಹಾಕಿಯೂ ಮಲಗುವವನಲ್ಲ. ಹೋಗಿ ಹೆಸರು ಬರೆಸಿದೆ.

ಕಲಿಸುವ ಮಾಸ್ತರರು ಕ್ಲಾರಿನೆಟ್ ಊದುವವರು. ಹರೆಯದಲ್ಲಿ ಮದುವೆ ಬ್ಯಾಂಡಿನಲ್ಲಿದ್ದು, ಆಮೇಲೆ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಮಷಿನ್ನಿನ ಮುಂದೆ ನಿಂತು, ಎದೆ ತುಂಬ ಕಲ್ಲಿನ ಹಿಟ್ಟು ಇಳಿಸಿಕೊಂಡು ಮನೆಗೆ ಬಂದಿದ್ದರು. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

“ಏನ ಬಾರಸ್ತೀಯಲೇ?”

“ಬಾಯಿ ಬಾರಸ್ತೀನ್ರಿ.”

ಹುಡುಗರು ಕಿಸಕ್ಕೆಂದರು. ಅಷ್ಟು ಸಾಕಾಯಿತು ನನಗೆ. ವಾಡಿ ಜಂಕ್ಷನ್ನಿಗೆ ಉಗಿಬಂಡಿ ಬಂದು ನಿಲ್ಲುವುದು, ಚಹಾ ಮಾರುವವನ ಕೂಗು, ನಮ್ಮ ಹೆಡ್‌ಮಾಸ್ತರರ ಸೀನು, ಫೇಲಾದ ಮಗನಿಗೆ ಅಪ್ಪ ಬೈಯುವುದು, ಆ ಮಗ ಅಂದರೆ ನಾನೇ ಮೂಗು ಏರಿಸುತ್ತ ಅಳುವುದು, ಎಲ್ಲ ಮಾಡಿ ತೋರಿಸಿದೆ. ಮಾಸ್ತರರು ನಕ್ಕರು. ನಗುತ್ತ ನಗುತ್ತ ಕೆಮ್ಮು ಹತ್ತಿತು. ನಗು ಹೋಯಿತು, ಕೆಮ್ಮು ಉಳಿಯಿತು. ಅದು ಇಳಿದ ಮೇಲೆ ಕಣ್ಣು ಒರೆಸಿಕೊಂಡು, “ಕುಂದ್ರು ಮಂಗ್ಯಾ, ನನ್ನ ಬಾಜೂಕ ಕುಂದ್ರು. ಇಂಥಾ ಕಿವಿ ನನಗ ಬೇಕಾಗೇದ,” ಎಂದರು. ನನ್ನ ಕೈಗೂ ಒಂದು ಕ್ಲಾರಿನೆಟ್ ಕೊಟ್ಟರು. ಅಂದಿನಿಂದ ಹಾಲಿನಲ್ಲಿ ಎಲ್ಲರಿಗೂ ನಾನು ಮಂಗ್ಯಾ.

ಅವರಿಗೆ ಆ ಕಿವಿ ಯಾಕೆ ಬೇಕಿತ್ತು ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. ಮೊದಲ ವಾರವೇ ನಮ್ಮನ್ನು ಸುತ್ತ ಕೂರಿಸಿಕೊಂಡು ಹೇಳಿದರು.

“ಡಾಕ್ಟ್ರು ಊದಬ್ಯಾಡ ಅಂದಾರ. ಮನ್ಯಾಗ ನಿಮ್ಮ ಕಾಕಿನೂ ಅದೇ ಜಪ ಮಾಡ್ತಾಳ. ಖರೇ ಅದ, ಈ ಎದಿ ಭಾಳ ದಿನ ನಡಿಯೂದಲ್ಲ. ಆದ್ರ ನಮ್ಮ ಉಸ್ತಾದರು ಕೊಟ್ಟ ಒಂದು ಧುನ್ ಅದ. ಮದುವ್ಯಾಗ ಹೆಣ್ಣ ಗಂಡನ ಮನಿಗಿ ಕಳಸೂ ಮುಂದ ಊದೂದು. ಅದು ಬರೂದು ಈಗ ನನಗ ಒಬ್ಬನಿಗೇ. ನಿಮ್ಮ ಬಾಯಿಗೆ ಅದು ಪುರಾ ಹತ್ತಬೇಕು. ಹತ್ತಿದ ಮರುದಿನ ಇದನ್ನ ಪೆಟಗ್ಯಾಗ ಇಟ್ಟುಬಿಡ್ತೀನಿ.”

“ಹತ್ತಲಿಲ್ಲಂದ್ರರಿ?” ಎಂದೆ ನಾನು. ಸುಮ್ಮನಿರುವುದು ನಮ್ಮ ವಂಶದಲ್ಲಿಲ್ಲ.

“ಹತ್ತಲಿಲ್ಲಂದ್ರ ನನ್ನ ಕೂಡ ಮಣ್ಣಾಗ ಹೋಗ್ತದ,” ಎಂದರು, ಬಸ್ಸು ತಪ್ಪಿದರೆ ನಡೆದು ಹೋಗ್ತೀನಿ ಎನ್ನುವವರ ಹಾಗೆ.

ನಮ್ಮಲ್ಲಿ ಬರೆದ ಸ್ವರದ ಕಾಗದ ಎಂಬುದಿರಲಿಲ್ಲ. ಮಾಸ್ತರರಿಗೂ ಅದು ಓದಲು ಬರುತ್ತಿರಲಿಲ್ಲ. ಅವರು ಒಂದು ಸಾಲು ಊದಬೇಕು, ನಾನು ಅದನ್ನು ಹಿಡಿಯಬೇಕು, ಮಿಕ್ಕವರು ನನ್ನಿಂದ ಹಿಡಿಯಬೇಕು. ಅವರ ದಮ್ಮು ಉಳಿಯಲೆಂದು ಹೀಗೆ ಗೊತ್ತು ಮಾಡಿದ್ದು. ಅವರು ಒಮ್ಮೆ ಊದಿದ್ದನ್ನು ನಾನು ಮೂವತ್ತು ಸಲ ಊದುತ್ತಿದ್ದೆ. ಪಿಟೀಲಿನವರು, ಬುಲ್‌ಬುಲ್ ತಾರಾದವನು, ಹಾರ್ಮೋನಿಯಂ ಹುಡುಗಿ, ಎಲ್ಲ ನನ್ನ ಮುಖ ನೋಡುತ್ತ ಕೂರುತ್ತಿದ್ದರು. ಎರಡು ಸಲ ಫೇಲಾದವನಿಗೆ ಇಪ್ಪತ್ತು ಜನ ಶಿಷ್ಯರು! ನಾನು ಮಾಸ್ತರರ ಹಾಗೆಯೇ ಎಡ ಭುಜ ಏರಿಸಿ, ಹುಬ್ಬು ಕೂಡಿಸಿ, ಕತ್ತು ಓರೆ ಮಾಡಿ ಊದುತ್ತಿದ್ದೆ.

“ಒಂದು ಕೂದಲ ಫರಕ್ ಇಲ್ಲ ನೋಡ್ರಿ,” ಎಂದು ಮಾಸ್ತರರು ಎಲ್ಲರೆದುರು ನನ್ನ ಬೆನ್ನು ಚಪ್ಪರಿಸುತ್ತಿದ್ದರು. ಅದು ಖರೇನೇ. ಫರಕ್ ಇರಲಿಲ್ಲ.

ನಮ್ಮಲ್ಲಿ ಒಬ್ಬನಿಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ಅವನೂ ಕ್ಲಾರಿನೆಟ್ಟೇ. ಕಿವಿ ಅನ್ನುವುದು ಅವನಿಗೆ ಬರೀ ಬೀಡಿ ಸಿಕ್ಕಿಸುವ ಜಾಗ. ಯಾವ ಬೆರಳು ಯಾವಾಗ ಎತ್ತಬೇಕೆಂದು ನೆಲದ ಫರಸಿಯ ಮೇಲೆ ಸೀಮೆಸುಣ್ಣದಿಂದ ಒಂದು ಎರಡು ಮೂರು ಎಂದು ಬರೆದುಕೊಂಡು, ಅದನ್ನು ನೋಡಿ ಊದುತ್ತಿದ್ದ. ಎಲ್ಲಿ ಬೇಕೆಂದರಲ್ಲಿ ನಿಲ್ಲುತ್ತಿದ್ದ. ನಾನು ಅವನಿಗೆ ಎಮ್ಮಿ ಎಂದು ಹೆಸರಿಟ್ಟಿದ್ದೆ. ಅವನು ಊದುವುದನ್ನು ನಾನು ಅಣಕಿಸಿದರೆ ಅವನೂ ಸೇರಿ ಎಲ್ಲರೂ ನಗುತ್ತಿದ್ದರು.

ಹೀಗೆ ಒಂದೂವರೆ ವರ್ಷ ಕಳೆಯಿತು. ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೊಸ ಹೆಸರು ಬಂದಿತ್ತು. ಸೇಡಂನ ಹೈಸ್ಕೂಲಿನ ಬಯಲಿನಲ್ಲಿ ಸುತ್ತಲಿನ ಊರುಗಳ ತರುಣರ ಹಾಡು-ವಾದ್ಯಗಳ ಕಾರ್ಯಕ್ರಮವೊಂದಿತ್ತು. ನಮ್ಮನ್ನೂ ಕರೆದರು. ಇಪ್ಪತ್ತು ಜನ, ವಾದ್ಯ, ಬುತ್ತಿ, ಎಲ್ಲ ಕಟ್ಟಿಕೊಂಡು ರೈಲಿನಲ್ಲಿ ಹೋದೆವು. ಅಂದು ಮಾಸ್ತರರು ನಮ್ಮೊಂದಿಗೆ ವೇದಿಕೆ ಹತ್ತಲಿಲ್ಲ. “ಇವತ್ತು ನಾ ಕೆಳಗ ಕುಂತು ಕೇಳ್ತೀನಿ. ಒಳಗ ಕುಂತು ಊದಿ ಊದಿ ಹೊರಗಿನಿಂದ ಒಮ್ಮೆನೂ ಕೇಳೇ ಇಲ್ಲ,” ಎಂದು ಇಸ್ತ್ರಿ ಮಾಡಿದ ಧೋತರ ಎತ್ತಿಕೊಂಡು ಮೂರನೇ ಸಾಲಿನಲ್ಲಿ ಕುಳಿತರು.

ನಾವು ಆ ಧುನ್ ನುಡಿಸಿದೆವು. ಚೆನ್ನಾಗಿ ನುಡಿಸಿದೆವು. ಎಮ್ಮಿಯೊಬ್ಬನನ್ನು ಬಿಟ್ಟು ಎಲ್ಲರೂ ಒಂದೇ ಜಾಗದಲ್ಲಿ ನಿಂತು ಒಂದೇ ಜಾಗದಲ್ಲಿ ಎತ್ತಿದೆವು. ಚಪ್ಪಾಳೆ ಬಿದ್ದಿತು. ಆಗ ಕಾರ್ಯಕ್ರಮಕ್ಕೆಂದು ಕಲಬುರಗಿಯಿಂದ ಬಂದಿದ್ದ ಹಿರಿಯ ಶಹನಾಯಿ ವಾದಕರೊಬ್ಬರು ಎದ್ದು ಮೈಕಿನ ಹತ್ತಿರ ಬಂದರು. ಬಿಳಿ ಮೀಸೆ, ಮೆತ್ತಗಿನ ದನಿ.

“ಭಾಳ ಛಂದ ಆತು, ಮಕ್ಕಳ್ರ್ಯಾ. ಈ ಧುನ್ ನಾನೂ ಸಣ್ಣವನಿದ್ದಾಗ ಕೇಳೀನಿ. ಒಂದೇ ಒಂದು ಮಾತು. ಹುಡುಗಿ ಹೊಸ್ತಿಲ ದಾಟಿ ಅಂಗಳ ಇಳಿಯೂ ತನಕ ಮೊದಲನೇ ಸಾಲು ಒಂದೇ ದಮ್ಮಿನ್ಯಾಗ ಹೋಗಬೇಕು. ನಡುವ ಕಡದ್ರ ಹುಡುಗಿ ತಿರುಗಿ ತವರಮನಿ ನೋಡ್ತಾಳ, ಆಮ್ಯಾಲ ಹೆಜ್ಜಿ ಏಳೂದಿಲ್ಲ ಅಂತಿದ್ರು ಹಳಬರು. ನೀವು ಎರಡು ಕಡೆ ನಿಲ್ತೀರಿ. ಯಾಕ?”

ನಮಗೆ ಪ್ರಶ್ನೆಯೇ ತಿಳಿಯಲಿಲ್ಲ. ಆ ಎರಡು ನಿಲುಗಡೆಗಳು ನಮ್ಮ ಪಾಲಿಗೆ ಧುನ್‌ನ ಭಾಗವೇ ಆಗಿದ್ದವು. ಅವಿಲ್ಲದೆ ಅದನ್ನು ನಾವು ಕೇಳಿಯೇ ಇರಲಿಲ್ಲ. ಮುಂದೆ ಮೈಕು, ಎದುರಿಗೆ ಅಷ್ಟು ಜನ, ನನ್ನ ನಾಲಗೆ ತುರಿಸಿತು.

“ನಮ್ಮ ಮಾಸ್ತರ್ರು ಹಿಂಗೇ ಕಲಸ್ಯಾರ್ರಿ. ಮಾಡಿ ತೋರಸ್ಲೇನ್ರಿ?”

ಕ್ಲಾರಿನೆಟ್ಟು ಕಂಕುಳಲ್ಲಿಟ್ಟು ಬರೀ ಬಾಯಿಯಿಂದ ಮಾಡಿದೆ. ಎಡ ಭುಜ ಏರಿಸಿದೆ. ಮೊದಲ ಸಾಲು ಎತ್ತಿದೆ. ಅರ್ಧಕ್ಕೆ ಬಂದಾಗ ಮಾಸ್ತರರ ಹಾಗೆ ಗಂಟಲಲ್ಲಿ ಸಣ್ಣಗೆ ಗೊರಕ್ ಎನ್ನಿಸಿ, ಬಾಯಿ ತೆರೆದು, ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಗಾಳಿ ಎಳೆದು, ಬರುವ ಕೆಮ್ಮನ್ನು ನುಂಗಿ, ಕತ್ತು ಓರೆ ಮಾಡಿ ಮತ್ತೆ ಹಿಡಿದೆ. ಎರಡನೇ ಜಾಗದಲ್ಲೂ ಹಾಗೆಯೇ. ಬಯಲಿಗೆ ಬಯಲೇ ನಕ್ಕಿತು. ನಮ್ಮ ಹುಡುಗರೂ ನಕ್ಕರು. ಮಾಸ್ತರರು ಕೂಡ ನಗುತ್ತಲೇ ಇದ್ದರು. ನಾನು ಎರಡನೇ ಸಲ ಗಾಳಿ ಎಳೆದಾಗ ಅವರ ನಗು ಮುಖದ ಮೇಲೆ ಹಾಗೇ ಇದ್ದು, ಕೈ ಮಾತ್ರ ಎದ್ದು ಎದೆಯ ಮೇಲೆ ಬಂದು ಕುಳಿತದ್ದು ನನಗೆ ಮೇಲಿನಿಂದ ಕಂಡಿತು. ಶಹನಾಯಿಯವರು ಆ ಕಡೆ ಒಮ್ಮೆ ನೋಡಿದರು. ಮತ್ತೇನೂ ಕೇಳದೆ ಮೈಕು ಬಿಟ್ಟು ಹೋಗಿ ಮಾಸ್ತರರ ಪಕ್ಕದಲ್ಲಿ ಕುಳಿತುಬಿಟ್ಟರು.

ತಿರುಗಿ ಬರುವಾಗ ಚಿತ್ತಾಪುರ ದಾಟುವ ತನಕ ಮಾಸ್ತರರು ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದರು. ವಾಡಿಯಲ್ಲಿ ಇಳಿದು ಶಹಾಬಾದಿನ ಗಾಡಿಗೆ ಕಾಯಬೇಕಿತ್ತು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಹುಡುಗರು ಭಜಿ ತಿನ್ನಲು ಹೋದರು. ವಾದ್ಯಗಳ ಪೆಟ್ಟಿಗೆಯ ಮೇಲೆ ಕುಳಿತಿದ್ದ ಮಾಸ್ತರರು ನನ್ನನ್ನು ಹತ್ತಿರ ಕರೆದರು. ಬೈದು ಕಿವಿ ಹಿಂಡುತ್ತಾರೆಂದು ಅದನ್ನು ಮುಂದೆ ಮಾಡಿಕೊಂಡೇ ಹೋದೆ.

“ಲೇ, ಯಾವಾಗಿನಿಂದ ಅದು?”

“ಏನ್ರಿ?”

“ಆ ಎರಡು ನಿಲುಗಡಿ.”

ತಲೆ ಕೆರೆದುಕೊಂಡೆ. “ಒಂದು ನಾ ಬಂದಾಗಿನಿಂದಾನೇ ಇತ್ತರಿ. ಎರಡನೇದು ಈ ಸಲ ದೀಪಾವಳಿ ಆದಮ್ಯಾಲ ಬಂತರಿ.”

“ಹೇಳಬಾರದೇನಲೇ?”

“ನೀವೇ ಹಾಕ್ಲಿಕತ್ತೀರಿ ಅಂದ್ಕೊಂಡ್ವಿರಿ. ಛಂದ ಕೇಳಸ್ಲಿ ಅಂತ.”

ಮಾಸ್ತರರು ತಮ್ಮಷ್ಟಕ್ಕೆ ತಾವು ಮಾತಾಡಿಕೊಂಡಂತೆ ಹೇಳಿದರು: “ನನ್ನ ಕಿವ್ಯಾಗ ಅದು ಪುರಾನೇ ಕೇಳಸ್ತಿತ್ತಲ್ಲೋ. ಇವತ್ತಿನ ತನಕ.”

ನಾನು ಹೋಗಿ ಅವರಿಗೆ ಚಹಾ ತಂದೆ. ಚಹಾ ಮಾರುವವನ ಕೂಗನ್ನು ಅಂದು ಅಣಕಿಸಲಿಲ್ಲ.

ಮರುದಿನದಿಂದ ಮಾಸ್ತರರು ಕ್ಲಾರಿನೆಟ್ ಮುಟ್ಟಲಿಲ್ಲ. ಹಾಲಿನ ನಡುವೆ ಕುರ್ಚಿ ಹಾಕಿಕೊಂಡು ಬಲಗೈ ಎತ್ತುತ್ತಿದ್ದರು. ಆ ಕೈ ಮೇಲಿರುವ ತನಕ ಯಾರೂ ಸಾಲು ಕಡಿಯಬಾರದು, ಉಸಿರು ತೆಗೆದುಕೊಳ್ಳಬಾರದು. ಪಿಟೀಲಿನವರಿಗೆ, ಹಾರ್ಮೋನಿಯಂಗೆ ಅದೇನು ದೊಡ್ಡದಲ್ಲ, ವಾರದಲ್ಲಿ ತಿದ್ದಿಕೊಂಡರು. ಸಾಲನ್ನು ಮುಂದೆ ನಿಂತು ಒಯ್ಯಬೇಕಾದವನು ನಾನು. ನನಗೇ ಆಗಲಿಲ್ಲ. ದಮ್ಮು ಇತ್ತು; ಹದಿನೆಂಟರ ಎದೆ, ಬಾವಿಯಲ್ಲಿ ಮುಳುಗಿ ಎಣಿಸುವ ಪಂದ್ಯದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಆದರೆ ಆ ಜಾಗ ಬಂದ ಕೂಡಲೇ ಭುಜ ತಾನೇ ಏರುತ್ತಿತ್ತು, ಗಂಟಲು ತಾನೇ ಕಟ್ಟುತ್ತಿತ್ತು. ಕಣ್ಣು ಮುಚ್ಚಿ ಊದಿದೆ, ನಿಂತು ಊದಿದೆ, ಗೋಡೆಗೆ ಬೆನ್ನು ಕೊಟ್ಟು ಊದಿದೆ. ನಿಲ್ಲುತ್ತಿದ್ದೆ.

“ನೀ ನನ್ನನ್ನ ಊದ್ಲಿಕತ್ತಿ,” ಎಂದರು ಮಾಸ್ತರರು. “ನನ್ನ ಬಿಟ್ಟು ಧುನ್ ಊದೋ ತಮ್ಮಾ.”

ಮಂಗ್ಯಾ ಎನ್ನದೆ ತಮ್ಮಾ ಎಂದದ್ದು ಅದೇ ಮೊದಲು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಒಂದು ಸಂಜೆ ಅವರು ಎಮ್ಮಿಯನ್ನು ಮುಂದೆ ಕರೆದರು. ಅವನು ತನ್ನ ಸೀಮೆಸುಣ್ಣದ ಅಂಕಿಗಳ ಮೇಲೆ ಕಣ್ಣು ನೆಟ್ಟು ಶುರು ಮಾಡಿದ. ಅವನು ಎಂದೂ ಯಾರನ್ನೂ ನೋಡಿ ಕಲಿತವನಲ್ಲ. ನಿಲ್ಲಬೇಡ ಅಂದರು, ನಿಲ್ಲಲಿಲ್ಲ. ಗಾಡಿ ತಳ್ಳಿದ ಹಾಗೆ ಸಾಲನ್ನು ಕೊನೆಯ ತನಕ ತಳ್ಳಿಕೊಂಡು ಹೋದ. ಸೊಗಸೇನಿರಲಿಲ್ಲ. ಆದರೆ ಪುರಾ ಇತ್ತು. ಮಾಸ್ತರರು ಅವನನ್ನು ನನ್ನ ಜಾಗದಲ್ಲಿ ಕೂರಿಸಿದರು. ನನ್ನ ಕೈಗೆ ಹಿಂದಿನ ಸಾಲಿನ ತಾಳ ಕೊಟ್ಟರು. ನಾನು ಎಲ್ಲರನ್ನೂ ನಗಿಸಲೆಂದು ತಾಳವನ್ನು ತಲೆಯ ಮೇಲಿಟ್ಟುಕೊಂಡು ಟೋಪಿ ಮಾಡಿಕೊಂಡೆ. ಯಾರೂ ನಗಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಮಾಸ್ತರರಿಗೆ ಹಾಲಿನ ತನಕ ನಡೆಯುವುದೂ ಆಗದಾಯಿತು. ನಾವೇ ಅವರ ಮನೆಯಂಗಳಕ್ಕೆ ಹೋಗಿ ನುಡಿಸಿದೆವು. ಕಾಕಿ ಅವರ ಬೆನ್ನಿಗೆ ಎರಡು ದಿಂಬು ಕೊಟ್ಟು ಬಾಗಿಲಲ್ಲಿ ಕೂರಿಸಿದಳು. ಅವರು ಬಲಗೈ ಎತ್ತಿದರು. ಎಮ್ಮಿ ಎತ್ತಿಕೊಂಡ. ಆಗಲೇ ಅವನ ಊದುವಿಕೆಗೆ ಸ್ವಲ್ಪ ನಯ ಬಂದಿತ್ತು. ಸಾಲು ಹೊಸ್ತಿಲು ದಾಟಿ, ಕಟ್ಟೆ ಇಳಿದು, ಎಲ್ಲೂ ಕಡಿಯದೆ ಅಂಗಳಕ್ಕೆ ಬಂದಿತು. ಮಾಸ್ತರರ ಕೈ ಕೆಳಗೆ ಬರಲಿಲ್ಲ. ಕೊನೆಯ ಸ್ವರ ಮುಗಿದ ಮೇಲೆ ಇಳಿಸಿ, ಕಾಕಿಯ ಕಡೆ ತಿರುಗಿ, “ಆತು,” ಎಂದರು. ನಾನು ಹಿಂದಿನ ಸಾಲಿನಲ್ಲಿ ತಾಳ ಹಿಡಿದು ನಿಂತಿದ್ದೆ. ಅವರು ಬಯಸಿದ್ದು ನೆರವೇರಿತ್ತು. ಅದರಲ್ಲಿ ನಾನಿರಲಿಲ್ಲ.

ಎರಡು ವಾರ ಕಳೆಯುವುದರೊಳಗೆ ಮಾಸ್ತರರನ್ನು ಮಣ್ಣಿಗೆ ಒಯ್ದೆವು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಾಕಿ ಹೇಳಿಕಳುಹಿಸಿದಳು. ಹೋದಾಗ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಮನೆಯಲ್ಲಿ ಎಲ್ಲ ಆರಾಮೇನು, ಈ ಸಲ ಪರೀಕ್ಷೆಗೆ ಕೂರುತ್ತೀಯೇನು ಎಂದು ಕೇಳಿದಳು. ಆಮೇಲೆ ಜೋಳದ ಮೇಲಿನ ಕಣ್ಣು ಎತ್ತದೆ ಹೇಳಿದಳು:

“ಆ ಹುಡುಗ ಚಲೋ ಊದ್ತಾನಪ್ಪ. ಅಂಗಳದಾಗ ಕೇಳಿದ್ನಲ್ಲ. ಆದ್ರ ಅದು ಇವರದಲ್ಲ. ನಾ ಮದಿವ್ಯಾಗಿ ಬಂದಾಗ ಇವರು ಹ್ಯಾಂಗ ಊದ್ತಿದ್ರು, ನನಗ ನೆನಪೇ ಬರೂದಿಲ್ಲ. ಕಡೀಕಡೀಗೆ ನಿಂತು ನಿಂತು ಊದಿದ್ದೇ ಕಿವ್ಯಾಗ ಉಳದದ. ಈಗ ಅದೂ ಹೋಗ್ಲಿಕತ್ತದ. ಮನಿ ಭಾಳ ಸುಮ್ಮಗದ.” ಮೊರ ಕೆಳಗಿಟ್ಟಳು. “ಅವರಂಗ ಮಾಡೂದು ನಿನಗ ಬರತದಲ್ಲ?”

“ಬ್ಯಾಡ ಕಾಕಿ.”

“ಒಂದ್ಸಲ ಮಾಡು, ತಮ್ಮಾ. ಯಾರು ಕೇಳ್ತಾರ ಇಲ್ಲಿ?”

ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಭುಜ ಏರಿತು. ಬರೀ ಬಾಯಿಯಿಂದ ಮೊದಲ ಸಾಲು ಎತ್ತಿ, ಅರ್ಧದಲ್ಲಿ ಕಡಿದು, ಗಾಳಿ ಎಳೆದು, ಕೆಮ್ಮು ನುಂಗಿ, ಮತ್ತೆ ಹಿಡಿದೆ. ಎರಡನೇ ನಿಲುಗಡೆ ಬಂದಾಗ ಇನ್ನು ಸಾಕೆನಿಸಿ ಅಲ್ಲಿಗೇ ಬಿಟ್ಟೆ. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

“ಇಲ್ಲೋ,” ಎಂದಳು ಕಾಕಿ. “ಅವರು ಅಲ್ಲಿಗೇ ಬಿಡ್ತಿರಲಿಲ್ಲ. ಎಷ್ಟ ತ್ರಾಸ ಆದ್ರೂ ಮುಗಸ್ತಿದ್ರು.”

ನಾನು ಉಸಿರೆಳೆದುಕೊಂಡು ಮುಂದಕ್ಕೆ ಹೋದೆ.